ದಾರಿ ತೆಗೆಯುವುದು ಅನುಮಾನ

ನಮ್ಮ ಹಳೆಯ ಪಕ್ಕದ ಮನೆಯವರು ಹೋದ ಸುದ್ದಿಯನ್ನು ಅವರ ಮಗಳೇ ಫೋನ್ ಮಾಡಿ ತಿಳಿಸಿದಳು. ಅಳುತ್ತಿದ್ದಳು. ಆದರೆ ಆ ಅಳುವಿನ ನಡುವೆಯೇ, ಎಷ್ಟು ಹೊತ್ತಿಗೆ ಬರಬೇಕು, ಮಾಗಡಿ ರಸ್ತೆ ಕಡೆಯಿಂದ ಬಂದರೆ ಎಲ್ಲಿ ಇಳಿಯಬೇಕು, ಅಲ್ಲಿ ರಸ್ತೆ ಅಗೆದಿರುವುದರಿಂದ ಆಟೋದವನಿಗೆ ಯಾವ ತಿರುವು ಹೇಳಬೇಕು, ಮಧ್ಯಾಹ್ನ ಮಳೆ ಬಂದರೂ ಬರಬಹುದು ಛತ್ರಿ ಇರಲಿ ಆಂಟಿ ಎಂದು ಒಂದೊಂದಾಗಿ ಹೇಳಿದಳು. ನನಗೆ ನಗು ಬಂದುಬಿಟ್ಟಿತು. ಸಾವಿನ ಸುದ್ದಿ ಕೇಳುತ್ತಾ ನಕ್ಕವಳು ನಾನೊಬ್ಬಳೇ ಇರಬೇಕು. "ಅಪ್ಪನ ಮಗಳೇ ಕಣೇ ನೀನು" ಎಂದೆ. ಅವಳೂ ಅಳುತ್ತಲೇ ನಕ್ಕಳು.

ನಾನು ಹೇಳಹೊರಟಿರುವುದು ಎಂಬತ್ತರ ದಶಕದ ನಡುವಿನ ಮಾತು. ವಿಜಯನಗರದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ನಮ್ಮ ಯಜಮಾನರೂ ಅವರೂ ರಾಜಾಜಿನಗರದ ಒಂದೇ ಕಾರ್ಖಾನೆಯಲ್ಲಿದ್ದರು, ಬೆಳಗ್ಗೆ ಒಂದೇ ಫ್ಯಾಕ್ಟರಿ ಬಸ್ಸು ಹತ್ತುತ್ತಿದ್ದರು. ನಮ್ಮವರು ಬಸ್ಸು ಹೊರಟ ಮೇಲೆ ಓಡಿ ಹತ್ತುವ ಪೈಕಿ. ಅವರು ಕಾಲು ಗಂಟೆ ಮೊದಲೇ ಹೋಗಿ, ಕೈಯಲ್ಲಿ ಛತ್ರಿ ಹಿಡಿದು, ಬಸ್ಸು ಬರುವ ದಿಕ್ಕನ್ನೇ ನೋಡುತ್ತಾ ನಿಲ್ಲುವ ಪೈಕಿ. ಸಣ್ಣ ಆಳು. ಎಣ್ಣೆ ಹಚ್ಚಿ ಬಾಚಿದ ತಲೆ. ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು, ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು.

ಅವರದು ಪ್ಲಾನಿಂಗ್ ಸೆಕ್ಷನ್. ಹೊಸ ಬಿಡಿಭಾಗವೊಂದನ್ನು ಮಾಡಬೇಕಾದರೆ ಯಾವ ಮೆಷಿನ್ನು, ಎಷ್ಟು ಹೊತ್ತು, ಯಾವ ಹಂತದಲ್ಲಿ ಏನು ತಪ್ಪಾಗಬಹುದು ಎಂದು ಮೊದಲೇ ಕಾಗದದ ಮೇಲೆ ಬರೆಯುವ ಕೆಲಸ. ಆಮೇಲೆ ಒಂದೇ ಒಂದನ್ನು ಮಾಡಿ ನೋಡುತ್ತಾರೆ, ಅದಕ್ಕೆ ಟ್ರಯಲ್ ಎನ್ನುತ್ತಾರೆ. "ಟ್ರಯಲ್ ಆಗ್ದೆ ಯಾವ್ದನ್ನೂ ಕೆಲ್ಸಕ್ಕೆ ಇಳಿಸ್ಬಾರ್ದಮ್ಮ" ಎಂಬುದು ಅವರ ಬಾಯಲ್ಲಿ ದಿನಕ್ಕೆರಡು ಸಲವಾದರೂ ಬರುತ್ತಿದ್ದ ಮಾತು. ಈ ಟ್ರಯಲ್ಲನ್ನು ಅವರು ಮನೆಗೂ ತಂದಿದ್ದರು. ಮಹಾಲಕ್ಷ್ಮಿ ಲೇಔಟಿನಲ್ಲಿ ಮದುವೆಯಿದ್ದರೆ ಹಿಂದಿನ ದಿನವೇ ಸೈಕಲ್ಲಿನಲ್ಲಿ ಹೋಗಿ ಛತ್ರ ನೋಡಿಕೊಂಡು ಬರುತ್ತಿದ್ದರು. ಮಗನನ್ನು ಒಂದನೇ ಕ್ಲಾಸಿಗೆ ಸೇರಿಸುವ ಮುಂಚಿನ ಭಾನುವಾರ, ಅವನ ಬೆನ್ನಿಗೆ ಅಕ್ಕಿ ತುಂಬಿದ ಬ್ಯಾಗು ಹಾಕಿ ಸ್ಕೂಲಿನ ಗೇಟಿನವರೆಗೆ ನಡೆಸಿ ವಾಪಸ್ ಕರೆತಂದರು. ಬೀದಿಯವರೆಲ್ಲ ನಕ್ಕರು, ನಾನೂ ನಕ್ಕೆ. ಮಳೆಗಾಲ ಶುರುವಾಗಿ ಆ ದಾರಿಯ ಮೋರಿ ಉಕ್ಕಿದಾಗ ನನ್ನ ಮಗ ಮೊಣಕಾಲವರೆಗೆ ಕೆಸರು ಮಾಡಿಕೊಂಡು ಬಂದ. ಅವರ ಮಗ ಒಣಗಿದ ಕಾಲಿನಲ್ಲಿ ಬಂದ. ಯಾವ ಕಡೆಯಿಂದ ದಾಟಬೇಕೆಂದು ಅವನಿಗೆ ಮೊದಲೇ ಗೊತ್ತಿತ್ತಂತೆ.

ರಸ್ತೆ ದಾಟಿಸುವಾಗ ಅವರು ಮಕ್ಕಳ ಕೈ ಹಿಡಿಯುತ್ತಿರಲಿಲ್ಲ, ಮಣಿಕಟ್ಟು ಹಿಡಿಯುತ್ತಿದ್ದರು. ನಮ್ಮ ಮಕ್ಕಳನ್ನೂ ಹಾಗೆಯೇ. ನನ್ನ ಚಿಕ್ಕವನು ಒಂದು ಸಲ "ಅಂಕಲ್ ಹಿಡಿದ್ರೆ ನೋಯತ್ತೆ" ಎಂದು ಕೆಂಪಾದ ಮಣಿಕಟ್ಟು ತೋರಿಸಿದ. ಸ್ವಲ್ಪ ಕೋಪದಲ್ಲೇ ಗೋಡೆಯ ಬಳಿ ಅವರ ಹೆಂಡತಿಗೆ ಹೇಳಿದೆ. ಆಕೆ ಒಣಗಲು ಹಾಕಿದ್ದ ಮೆಣಸಿನಕಾಯಿಯನ್ನು ಕೈಯಾಡಿಸುತ್ತಾ ಮೆಲ್ಲಗೆ ಹೇಳಿದರು. "ಇವ್ರ ತಮ್ಮ ಕಾವೇರೀಲಿ ಹೋಗ್ಬಿಟ್ಟ ಕಣ್ರೀ. ಇವ್ರಿಗೆ ಹತ್ತು ವರ್ಷ, ಅವನಿಗೆ ಆರು. ಇವ್ರೇ ಕೈ ಹಿಡ್ಕೊಂಡಿದ್ದಿದ್ದು. ಒದ್ದೆ ಕೈ, ಜಾರ್ತಂತೆ." ಆಮೇಲೆ ನಾನು ಆ ವಿಷಯ ಎತ್ತಲಿಲ್ಲ.

ಇಂಥವರು ಹಿಮಾಲಯಕ್ಕೆ ಹೋಗುವ ಮಾತು ಕೊಟ್ಟದ್ದು ಹೇಗೆ ಎಂದರೆ, ಮಗಳಿಗೆ ಟೈಫಾಯ್ಡ್ ಆಗಿತ್ತು. ಅವಳಿಗೆ ಆಗ ಒಂಬತ್ತು. ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತಿದ್ದ ಅಪ್ಪ, ಮಗು ಕನವರಿಸುವುದನ್ನು ನೋಡಲಾಗದೆ, "ನೀನು ಹುಷಾರಾಗು ಪುಟ್ಟಿ, ಮಂಜಿನ ಬೆಟ್ಟ ತೋರಿಸ್ತೀನಿ, ಹೋಗಿ ಕೈಯಲ್ಲೇ ಮುಟ್ಟು" ಎಂದರಂತೆ. ಮಗು ಹುಷಾರಾಯಿತು. ಕಾರ್ಖಾನೆಯಲ್ಲಿ ನಾಲ್ಕು ವರ್ಷಕ್ಕೊಮ್ಮೆ ಸಂಸಾರ ಸಮೇತ ದೇಶದ ಯಾವ ಮೂಲೆಗಾದರೂ ಹೋಗಿಬರುವ ಎಲ್‌ಟಿಸಿ ಸೌಲಭ್ಯವಿತ್ತು. ಮೊದಲ ಬೇಸಿಗೆಗೆ ಸಿದ್ಧರಾದಾಗ ಮಗನಿಗೆ ಸೀತಾಳೆ ಸಿಡುಬು. ಅದು ಯಾರ ತಪ್ಪೂ ಅಲ್ಲ. ಎರಡನೇ ಬೇಸಿಗೆಯಲ್ಲಿ ಎಲ್ಲವೂ ಸರಿಯಿತ್ತು, ಹೊರಡಲು ನಾಲ್ಕು ದಿನವಿರುವಾಗ ಪೇಪರಿನ ಮೂಲೆಯಲ್ಲಿ ಒಂದು ಸುದ್ದಿ ಬಂತು: ಎಲ್ಲೋ ಗುಡ್ಡ ಕುಸಿದಿದೆ. ಅದು ಇವರು ಹೋಗುವ ಕಣಿವೆಯಿಂದ ಎಷ್ಟೋ ದೂರದ ಜಿಲ್ಲೆ. ಆದರೂ ಅವರು ಪೇಪರನ್ನು ಕತ್ತರಿಸಿ ಫೈಲಿಗೆ ಹಾಕಿ, ಟಿಕೆಟ್ಟನ್ನು ವಾಪಸ್ ಮಾಡಿ ಬಂದರು.

ಮೂರನೇ ಸಲದ ಹೊತ್ತಿಗೆ ನಾವೂ ಜೊತೆ ಸೇರಿಕೊಂಡೆವು. ನಮ್ಮವರಿಗೂ ಎಲ್‌ಟಿಸಿ ಕೈತಪ್ಪುವ ವರ್ಷ ಅದು. ಪ್ಲಾನು ಮಾಡುವವರು ಪಕ್ಕದಲ್ಲೇ ಇರುವಾಗ ನಮಗೇನು ತೊಂದರೆ ಎಂದು ನಮ್ಮವರ ಲೆಕ್ಕ. ಜನವರಿಯ ಒಂದು ಭಾನುವಾರ ಅವರ ಮನೆಯ ಹಾಲಿನಲ್ಲಿ ಮೊದಲ ಮೀಟಿಂಗು ನಡೆಯಿತು. ನೆಲದ ಮೇಲೆ ಭೂಪಟ, ನಾಲ್ಕು ಮೂಲೆಗೂ ಸೇರು ಪಾವುಗಳ ಭಾರ. ಬೆಂಗಳೂರಿನಿಂದ ದೆಹಲಿ, ದೆಹಲಿಯಿಂದ ಗಢವಾಲಿನ ತಪ್ಪಲು, ಅಲ್ಲಿಂದ ಬಸ್ಸು, ಆಮೇಲೆ ದೇವದಾರು ಕಾಡಿನೊಳಗೆ ಮಕ್ಕಳು ನಡೆಯಬಹುದಾದಷ್ಟು ನಡಿಗೆ, ಕೊನೆಗೆ ಕಣಿವೆಯಲ್ಲಿ ಒಂದು ಬಂಗಲೆ. ಎಲ್ಲ ವಿವರಿಸಿ ಅವರು ಪೆನ್ನಿಗೆ ಕ್ಯಾಪು ಹಾಕುವಾಗ, ಅಲ್ಲಿಯವರೆಗೆ ಸುಮ್ಮನಿದ್ದ ಮಗಳು ಬಾಯಿಬಿಟ್ಟಳು. ಅವಳಿಗೀಗ ಹದಿಮೂರು.

"ಅಪ್ಪಾ, ಈ ಸಲನೂ ಹೋಗ್ಲಿಲ್ಲಾಂದ್ರೆ ನಾನಿನ್ಮೇಲೆ ನಿಮ್ಮನ್ನ ಏನೂ ಕೇಳಲ್ಲ."

ಸಿಟ್ಟಿನಿಂದ ಹೇಳಿದ್ದಲ್ಲ. ಸ್ಕೂಲಿನ ಟೈಮ್‌ಟೇಬಲ್ ಓದುವ ಧಾಟಿಯಲ್ಲಿ ಹೇಳಿದಳು. ಅವರು ನಗಲು ನೋಡಿದರು, ಆಗಲಿಲ್ಲ. ಆ ಮಾತು ಅವರನ್ನು ಎಷ್ಟು ಕಾಡಿತೆಂದರೆ ಮಾರನೆಯ ದಿನ ಬಸ್‌ಸ್ಟಾಪಿನಲ್ಲಿ ನಮ್ಮವರ ಹತ್ತಿರ "ನಿಜವಾಗ್ಲೂ ಕೇಳದೇ ಇದ್ಬಿಡ್ತಾಳೇನ್ರೀ?" ಎಂದು ವಿಚಾರಿಸಿದರಂತೆ.

ಇಲ್ಲಿ ನನ್ನ ಪಾತ್ರದ ಬಗ್ಗೆ ಹೇಳಬೇಕು. ಆ ಕಾಲದಲ್ಲಿ ನಾನು ಮಧ್ಯಾಹ್ನದ ಹಿಂದಿ ಕ್ಲಾಸಿಗೆ ಹೋಗಿ ಒಂದರ ಮೇಲೊಂದು ಪರೀಕ್ಷೆ ಪಾಸು ಮಾಡುತ್ತಿದ್ದೆ. ಬೀದಿಗೆಲ್ಲ ನಾನೇ ಪಂಡಿತೆ. ಬಂಗಲೆಯವರಿಗೆ ಇಂಗ್ಲಿಷಿನಲ್ಲಿ ಬರೆಯುತ್ತೇನೆ ಎಂದವರನ್ನು ತಡೆದು, "ಆ ಕಾಡಲ್ಲಿ ಇಂಗ್ಲಿಷ್ ಯಾರು ಓದ್ತಾರೆ, ನಾನು ಹಿಂದೀಲಿ ಬರ್ಕೊಡ್ತೀನಿ" ಎಂದು ಜಂಬದಿಂದ ಮೂರು ಪುಟ ಬರೆದುಕೊಟ್ಟೆ. ಮಕ್ಕಳ ಸ್ವೆಟರಿನ ಒಳಗೆ ಹೊಲಿಸಲು ಹೆಸರು, ವಿಳಾಸ, ರಕ್ತದ ಗುಂಪು ಇರುವ ಪಟ್ಟಿಗಳು ಬೇಕಾಗಿದ್ದವು. ಅವುಗಳ ಹಿಂದಿಯೂ ನನ್ನದೇ.

ಆ ಪಟ್ಟಿ ಬರೆಯುವಾಗ ಮೊದಲ ಸಲ ಪೆನ್ನು ಕೆಳಗಿಟ್ಟೆ. ನನ್ನ ಚಿಕ್ಕವನಿಗೆ ಐದು ವರ್ಷ, ಮೋಡ ಕವಿದರೆ ಉಬ್ಬಸ. "ಈ ಮಗು ಸಿಕ್ಕಿದರೆ ದಯವಿಟ್ಟು" ಎಂದು ಹಿಂದಿಯಲ್ಲಿ ಬರೆಯುತ್ತಿದ್ದವಳಿಗೆ, ಮಗು ಸಿಗಬೇಕಾದರೆ ಮೊದಲು ಕಳೆದುಹೋಗಿರಬೇಕಲ್ಲ ಎಂದು ಹೊಳೆಯಿತು. ಅವರ ಹಸಿರು ಫೈಲಿನಲ್ಲಿ 'ಅಪಾಯಗಳು' ಎಂಬ ಒಂದು ಹಾಳೆಯಿತ್ತು. ಮೂಗಿನಿಂದ ರಕ್ತ, ವಾಂತಿ, ಕಲ್ಲು ಉರುಳುವುದು, ತೊರೆಯಲ್ಲಿ ಕಾಲು ಜಾರುವುದು, ಮಂಜು ಕವಿದು ದಾರಿ ತಪ್ಪುವುದು, ಎಲ್ಲಕ್ಕೂ ಎದುರಿಗೆ ಪರಿಹಾರ. ಕರಡಿಯ ಎದುರಿಗೆ ಮಾತ್ರ "ಗೇಟಿನ ವಾಚ್‌ಮನ್‌ನನ್ನು ಕೇಳಬೇಕು" ಎಂದಿತ್ತು. ಕಾರ್ಖಾನೆಯ ಗೇಟಿನಲ್ಲಿ ಗಢವಾಲಿನ ಕಡೆಯ ವಾಚ್‌ಮನ್ ಒಬ್ಬನಿದ್ದ. ನಮ್ಮವರು ಆ ಹಾಳೆ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗಲಾಗಲಿಲ್ಲ, ತೊರೆಯ ಸಾಲಿನ ಕೆಳಗೆ ಅವರು ಎರಡು ಗೆರೆ ಎಳೆದಿದ್ದರು.

ಮಾರ್ಚಿನಲ್ಲಿ ಟ್ರಯಲ್ಲುಗಳು ಶುರುವಾದವು. ಮೊದಲನೆಯದು ಚಳಿಯ ಟ್ರಯಲ್. ಮಾಗಡಿ ರಸ್ತೆಯಲ್ಲಿ ಅವರ ಗುರುತಿನವರ ಐಸ್ ಫ್ಯಾಕ್ಟರಿಯಿತ್ತು. ನಾಲ್ಕು ಮಕ್ಕಳಿಗೂ ಸ್ವೆಟರು, ಮಂಕಿಕ್ಯಾಪು, ಎರಡೆರಡು ಜೊತೆ ಕಾಲುಚೀಲ ಹಾಕಿಸಿ, ಐಸ್ ದಿಮ್ಮಿಗಳನ್ನು ಪೇರಿಸಿಟ್ಟ ಕೋಣೆಯೊಳಗೆ ಹತ್ತು ನಿಮಿಷ ನಿಲ್ಲಿಸಿದರು. ತಾವೂ ಒಳಗೆ ನಿಂತು ಒಬ್ಬೊಬ್ಬರ ಬೆರಳನ್ನೂ ಮುಟ್ಟಿ ನೋಡುತ್ತಿದ್ದರು. "ಬೆರಳು ಜೋಮು ಹಿಡಿದ್ರೆ ಹೇಳ್ಬೇಕು, ನಾಚ್ಕೋಬಾರ್ದು." ನನ್ನ ಚಿಕ್ಕವನ ಎದೆಗೆ ಕಿವಿಯಿಟ್ಟು ಉಸಿರು ಕೇಳಿದರು. ನಾನು ಹೊರಗೆ ನಿಂತು ಸೆರಗಿನ ತುದಿ ಕಚ್ಚುತ್ತಿದ್ದೆ. ಮಕ್ಕಳು ಬಾಯಿಂದ ಹೊಗೆ ಬಿಡುತ್ತಾ ಕೇಕೆ ಹಾಕುತ್ತಿದ್ದರು. ಅವರ ಮಗಳು ಮಾತ್ರ ಒಂದು ದಿಮ್ಮಿಯ ಮೇಲೆ ಬರಿಗೈಯಿಟ್ಟು ಕಣ್ಣು ಮುಚ್ಚಿ ನಿಂತಿದ್ದಳು.

ಎರಡನೆಯದು ನಡಿಗೆಯ ಟ್ರಯಲ್. ಬೆಳಗಿನ ಆರಕ್ಕೆ ವಿಜಯನಗರ ಬಿಟ್ಟು ನಾಯಂಡಹಳ್ಳಿಯ ಮೇಲೆ ಕೆಂಗೇರಿಯವರೆಗೆ. ಬೆನ್ನ ಮೇಲೆ ಅಲ್ಲಿ ಹೊರಬೇಕಾದಷ್ಟೇ ಭಾರ, ಮೈಮೇಲೆ ಅಲ್ಲಿ ಹಾಕಬೇಕಾದಷ್ಟೇ ಬಟ್ಟೆ. ಬಟ್ಟೆ ತೊಟ್ಟು ನಡೆದರೆ ಎಲ್ಲಿ ಉಜ್ಜುತ್ತದೆ ಎಂದು ಗೊತ್ತಾಗಬೇಕಲ್ಲ. ಎಂಟು ಗಂಟೆಗೇ ಏಪ್ರಿಲ್ ಬಿಸಿಲು ಚುರುಗುಟ್ಟತೊಡಗಿತು. ಮೈಸೂರು ರಸ್ತೆಯ ಪಕ್ಕ ಸೌತೆಕಾಯಿ ಮಾರುತ್ತಿದ್ದ ಮುದುಕಿ ಮಂಕಿಕ್ಯಾಪು ಹಾಕಿಕೊಂಡು ಬೆವರುತ್ತಿದ್ದ ನಾಲ್ಕು ಮಕ್ಕಳನ್ನು ಸಾಲಾಗಿ ನೋಡಿ, "ಅಯ್ಯೋ, ನಾಕ್ಕೂ ಒಟ್ಗೇ ಜ್ವರ ಬಂದೈತೇನಪ್ಪಾ?" ಎಂದು ಕೇಳಿದಳು.

"ಇಲ್ಲಮ್ಮ, ಹಿಮಾಲಯಕ್ಕೆ ಹೋಗ್ತಾ ಇದೀವಿ" ಎಂದರು ಇವರು, ಬಹಳ ಮರ್ಯಾದೆಯಿಂದ.

"ನಡ್ಕೊಂಡಾ?" ಎಂದಳು ಮುದುಕಿ. ನಮ್ಮವರು ರಸ್ತೆಬದಿಯಲ್ಲೇ ಕುಕ್ಕರುಗಾಲಲ್ಲಿ ಕೂತು ನಕ್ಕರು. ಅವರೂ ನಕ್ಕರು. ಇಷ್ಟು ವರ್ಷದಲ್ಲಿ ಅವರು ಹಲ್ಲು ಕಾಣುವಂತೆ ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಬಂಗಲೆಯಿಂದ ಕಾಗದ ಬಂದದ್ದು ಏಪ್ರಿಲ್ ಕೊನೆಯಲ್ಲಿ. ಮೇ ಹನ್ನೆರಡಕ್ಕೆ ರೈಲು. ಅವರು ಕಾರ್ಖಾನೆಯಿಂದ ಬಂದವರು ಷರಟನ್ನೂ ಬದಲಿಸದೆ ಗೋಡೆಯ ಬಳಿ ಬಂದು ಕಾಗದ ಚಾಚಿದರು. "ಓದೀಮ್ಮ, ನಿಧಾನವಾಗಿ ಓದಿ." ಅವರ ಹಿಂದೆ ಹೆಂಡತಿ, ಮಕ್ಕಳು. ನಾನು ಗಂಟಲು ಸರಿಮಾಡಿಕೊಂಡು ಓದಿದೆ. ಈ ವರ್ಷ ಹಿಮಪಾತ ಹೆಚ್ಚು. ಮೇಲಿನ ರಸ್ತೆ ಇನ್ನೂ ಮುಚ್ಚಿದೆ. ಆಮೇಲಿನ ವಾಕ್ಯ ಇವತ್ತಿಗೂ ನನಗೆ ಬಾಯಿಪಾಠ: "ಮಈ ಕೇ ಮಧ್ಯ ತಕ್ ಮಾರ್ಗ್ ಖುಲ್ ಜಾನೇ ಕಾ ಅನುಮಾನ್ ಹೈ."

"ಅಂದ್ರೆ?" ಎಂದರು.

"ಮೇ ಮಧ್ಯದ ಹೊತ್ತಿಗೂ ದಾರಿ ತೆಗೆಯೋದು ಅನುಮಾನ ಅಂತ."

ಹೇಳುವಾಗ ನನ್ನ ಕಣ್ಣ ಮುಂದೆ ಇದ್ದದ್ದು ನನ್ನ ಚಿಕ್ಕವನ ಎದೆಗೂಡು. ಸುಳ್ಳು ಹೇಳಬಾರದು, ಆ ಪದವನ್ನು ಓದಿದಾಗ ನನಗೆ ಒಳಗೊಳಗೇ ಹಾಯೆನಿಸಿತ್ತು. ಅವರ ಮುಖ ಹೇಗಿತ್ತೆಂದು ನಾನು ನೋಡಲಿಲ್ಲ, ಮಗಳ ಮುಖ ನೋಡಿದೆ. ಅವಳು ಅಪ್ಪನನ್ನೇ ನೋಡುತ್ತಿದ್ದಳು.

ಎರಡು ದಿನ ಅವರು ಎಂದಿನಂತೆ ಕೆಲಸಕ್ಕೆ ಹೋಗಿಬಂದರು. ಮೂರನೆಯ ದಿನ ಸಿಟಿ ಸ್ಟೇಷನ್ನಿಗೆ ಹೋಗಿ ಟಿಕೆಟ್ಟುಗಳನ್ನು ರದ್ದು ಮಾಡಿಸಿ ಬಂದರು. ಮಕ್ಕಳನ್ನು ಕೂರಿಸಿಕೊಂಡು, "ದಾರಿಯೇ ಇಲ್ದಿದ್ರೆ ಏನ್ಮಾಡೋದು, ನೀವೇ ಹೇಳಿ" ಎಂದರಂತೆ. ಮಗ ಅತ್ತ. ಮಗಳು "ಸರಿ ಅಪ್ಪಾ" ಎಂದಳಂತೆ.

ಆಡಿದಂತೆ ನಡೆದುಕೊಂಡಳು ಹುಡುಗಿ. ಜೂನಿನಲ್ಲಿ ಸ್ಕೂಲು ಶುರುವಾದಾಗ ಹೊಸ ಜ್ಯಾಮಿಟ್ರಿ ಬಾಕ್ಸ್ ಬೇಕಿತ್ತು, ಕೇಳಲಿಲ್ಲ. ತುಕ್ಕು ಹಿಡಿದ ಕೈವಾರದಲ್ಲೇ ವೃತ್ತ ಬರೆದಳು. ಚಪ್ಪಲಿ ಹರಿದು ಕಾಲಿಗೆ ಗಾಯವಾಗುವವರೆಗೆ ಮನೆಯವರಿಗೆ ಗೊತ್ತಾಗಲಿಲ್ಲ. ಸ್ಕೂಲಿನಿಂದ ಮಕ್ಕಳನ್ನು ಮೈಸೂರಿಗೆ ಪ್ರವಾಸ ಕರೆದೊಯ್ಯುವವರಿದ್ದರು. ಒಪ್ಪಿಗೆ ಚೀಟಿಯನ್ನು ಅಪ್ಪನಿಗೆ ತೋರಿಸದೆ, ಟೀಚರಿಗೆ "ನಮ್ಮನೇಲಿ ಕಳಿಸಲ್ಲ" ಎಂದು ತಾನೇ ಹೇಳಿ ಮುಗಿಸಿದ್ದಳು. ಮಾತಾಡಿಸಿದರೆ ಮಾತಾಡುತ್ತಿದ್ದಳು, ಊಟ ಬಡಿಸುತ್ತಿದ್ದಳು, ಕರೆದರೆ ಬರುತ್ತಿದ್ದಳು. ಕೇಳುವುದೊಂದೇ ಇಲ್ಲ. ಅವರು ದಿನವೂ ಸಂಜೆ "ಏನಾದ್ರೂ ಬೇಕಾ ಪುಟ್ಟಿ?" ಎನ್ನುವುದು ಗೋಡೆಯಾಚೆಯಿಂದ ನನಗೆ ಕೇಳಿಸುತ್ತಿತ್ತು. "ಏನೂ ಬೇಡ ಅಪ್ಪಾ." ಆ ಮನುಷ್ಯ ಕಣ್ಣೆದುರೇ ಸೊರಗಿದರು. ಬಸ್‌ಸ್ಟಾಪಿಗೆ ಬಸ್ಸಿನ ಹೊತ್ತಿಗೇ ಹೋಗತೊಡಗಿದರು.

ದಸರಾ ಮುಗಿದ ಮೇಲೆ ಹಿಂದಿ ಕ್ಲಾಸಿನಲ್ಲಿ ನಮ್ಮ ಮೇಡಂ ಒಂದು ದಿನ ತಮಾಷೆಗೆಂದು ಬೋರ್ಡಿನ ಮೇಲೆ ಪದಗಳ ಪಟ್ಟಿ ಬರೆದರು. ನೋಡಲು ಕನ್ನಡದ್ದೇ ಆದರೂ ಹಿಂದಿಯಲ್ಲಿ ಅರ್ಥ ಬೇರೆಯಾಗುವ ಪದಗಳು. ನಮ್ಮ ಉಪನ್ಯಾಸ ಭಾಷಣ, ಅವರ ಉಪನ್ಯಾಸ ಕಾದಂಬರಿ. ನಮಗೆ ಶಿಕ್ಷೆ ಎಂದರೆ ದಂಡನೆ, ಅವರಿಗೆ ಶಿಕ್ಷಾ ಎಂದರೆ ಓದು. ನಮ್ಮ ಚೇಷ್ಟೆ ತುಂಟತನ, ಅವರ ಚೇಷ್ಟಾ ಪ್ರಯತ್ನ. ಹೆಂಗಸರೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ನಾಲ್ಕನೆಯದನ್ನು ಮೇಡಂ ಬರೆದರು: ಅನುಮಾನ್. "ನಮ್ಗೆ ಡೌಟು. ಅವ್ರಿಗೆ ಅಂದಾಜು. 'ಬಾರಿಶ್ ಕಾ ಅನುಮಾನ್ ಹೈ' ಅಂದ್ರೆ ಮಳೆ ಬರೋ ಅಂದಾಜಿದೆ, ಬರತ್ತೆ ಅಂತಲೇ ಅರ್ಥ."

ಬಂಗಲೆಯ ಕಾಗದದ ಸಾಲು ನೆನಪಾಯಿತು. ಮೇ ಮಧ್ಯದ ಹೊತ್ತಿಗೆ ದಾರಿ ತೆರೆಯುವ ಅಂದಾಜಿದೆ. ಬನ್ನಿ ಎಂದು ಬರೆದಿದ್ದರು ಆ ಪುಣ್ಯಾತ್ಮರು. ಬರಬೇಡಿ ಎಂದು ಓದಿದವಳು ನಾನು. ಮೂರು ಸರ್ಟಿಫಿಕೇಟು ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕಿದ್ದೆ.

ಐದು ದಿನ ಒದ್ದಾಡಿದೆ. ಗೋಡೆಯ ಬಳಿ ಹೋಗುವುದನ್ನೇ ಬಿಟ್ಟೆ. ಹೇಳಿದರೆ ಆ ಮನೆಯವರ ಮುಖ ನೋಡುವುದು ಹೇಗೆ, ಹೇಳದಿದ್ದರೆ ಆ ಹುಡುಗಿಯ ಮುಖ ನೋಡುವುದು ಹೇಗೆ. ನಮ್ಮವರು "ಆಗಿದ್ದು ಆಯ್ತು, ಈಗ ಹೇಳಿ ಏನು ಪ್ರಯೋಜನ" ಎಂದರು. ಅವರಿಗೇನು, ಕಾಗದ ಓದಿದವರು ಅವರಲ್ಲ. ಭಾನುವಾರ ಬೆಳಗ್ಗೆ ಧೈರ್ಯ ಮಾಡಿ ಗೇಟಿನಿಂದಲೇ ಹೋದೆ. ಅವರು ಮುಂದಿನ ಮೆಟ್ಟಿಲ ಮೇಲೆ ಕೂತು ಮಗಳ ಸ್ಕೂಲ್ ಶೂಸಿಗೆ ಪಾಲಿಶ್ ಹಾಕುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಅನುಮಾನ್ ಎಂದರೆ ಏನು, ನಾನು ಹೇಗೆ ಓದಿದೆ, ಎಲ್ಲ. ಹೇಳುತ್ತಾ ಅತ್ತುಬಿಟ್ಟೆ.

ಅವರು ಬ್ರಷ್ಷನ್ನು ಕೆಳಗಿಟ್ಟು, "ಅಳ್ಬೇಡೀಮ್ಮ. ನಂಗೆ ಗೊತ್ತಿತ್ತು" ಎಂದರು.

ಏನು ಗೊತ್ತಿತ್ತು ಎಂದು ಕೇಳಿದೆ.

"ನೀವು ಓದಿದ್ರಲ್ಲ, ಮಾರನೇ ದಿನ ಬೆಳಗ್ಗೆ ಗೇಟಲ್ಲಿ ನಮ್ಮ ವಾಚ್‌ಮನ್ ಹತ್ರ ಇನ್ನೊಂದ್ಸಲ ಓದಿಸ್ದೆ. ಒಬ್ರು ಓದಿದ್ದನ್ನ ಹಂಗೇ ಒಪ್ಕೊಂಡು ನಂಗೆ ಅಭ್ಯಾಸ ಇಲ್ಲ. ಅವನು ನಕ್ಕ. ಖಂಡಿತಾ ತೆಗೀತಾರೆ ಸಾಬ್, ಆರಾಮಾಗಿ ಹೋಗ್ಬನ್ನಿ ಅಂದ." ಸ್ವಲ್ಪ ಹೊತ್ತು ಶೂಸನ್ನು ತಿರುಗಿಸಿ ನೋಡಿದರು. "ಆದ್ರೆ ಹಿಂದಿನ ಸಂಜೆ ನೀವು ಅನುಮಾನ ಅಂದಾಗ ನಂಗೆ ಎಷ್ಟು ಹಗುರ ಆಗಿತ್ತು ಅಂತ ನಿಮ್ಗೆ ಗೊತ್ತಿಲ್ಲ. ಜನವರಿಯಿಂದ ಒಂದು ತುತ್ತು ಸರಿಯಾಗಿ ಇಳಿದಿರ್ಲಿಲ್ಲ. ಕಣ್ಣು ಮುಚ್ಚಿದ್ರೆ ನೀರು. ಆ ಹಗುರಾನ ವಾಪಸ್ ಕೊಡಕ್ಕೆ ನನ್ನ ಕೈಲಿ ಆಗ್ಲಿಲ್ಲ. ನಿಮ್ಮ ತಪ್ಪಿನ ಹಿಂದೆ ಅಡಗ್ಕೊಂಡೆ. ದಾರಿ ತೆಗೀತಂತೆ, ಮೇ ಹದಿಮೂರಕ್ಕೇ. ಜೂನಲ್ಲಿ ಅವನ ಊರಿಂದ ಕಾಗದ ಬಂದಿತ್ತು."

ನನಗೆ ಕೆಟ್ಟ ಕೋಪ ಬಂತು. ಐದು ದಿನ ಅನ್ನ ನೀರು ಸೇರದೆ ಒದ್ದಾಡಿದ್ದೆ. ಆ ಮಗು ಆರು ತಿಂಗಳಿಂದ ಬಾಯಿಗೆ ಬೀಗ ಹಾಕಿಕೊಂಡಿದೆ. ಏನಾದರೂ ಒರಟಾಗಿ ಹೇಳಿಯೇಬಿಡುತ್ತಿದ್ದೆ. ಅಷ್ಟರಲ್ಲಿ ಅವರ ಹಿಂದಿನ ಬಾಗಿಲ ಕಡೆ ನೋಡಿದೆ. ಮಗಳು ನಿಂತಿದ್ದಳು, ಕೈಯಲ್ಲಿ ಶೂಸಿನ ಲೇಸು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವರೂ ತಿರುಗಿ ನೋಡಿದರು.

"ಹಾಗಾದ್ರೆ ದಾರಿ ತೆಗೆದಿತ್ತಾ ಅಪ್ಪಾ?"

ಆರು ತಿಂಗಳಲ್ಲಿ ಅವಳು ಅಪ್ಪನನ್ನು ಕೇಳಿದ ಮೊದಲ ಪ್ರಶ್ನೆ ಅದು. ಅವರು ಏನಾದರೂ ಕಾರಣ ಹೇಳುತ್ತಾರೆ ಎಂದುಕೊಂಡೆ. ಫೈಲಿನಲ್ಲಿ ಬೇಕಾದಷ್ಟು ಕಾರಣಗಳಿದ್ದವು.

"ತೆಗೆದಿತ್ತು ಕಣಮ್ಮ."

"ನಿಮ್ಗೆ ಭಯ ಆಯ್ತಾ?"

"ಆಯ್ತು."

ಅವಳು ಬಂದು ಅವರ ಪಕ್ಕದಲ್ಲಿ, ಪಾಲಿಶ್ ಡಬ್ಬಿಯನ್ನು ಸರಿಸಿ, ಮೆಟ್ಟಿಲ ಮೇಲೆ ಕೂತಳು.

"ನಂಗೂ ಆಗ್ತಿತ್ತು" ಎಂದಳು. "ಐಸ್ ಫ್ಯಾಕ್ಟರೀಲಿ ಕೈಯಿಟ್ಟಾಗ್ಲಿಂದ. ಆದ್ರೂ ಹೋಗ್ಬೇಕು ಅನ್ಸೋದು."

"ಒಂದ್ಸಲನೂ ಹೇಳ್ಲಿಲ್ವಲ್ಲೇ ಪುಟ್ಟಿ!"

"ನೀವು ಕೇಳ್ಲೇ ಇಲ್ಲ."